ಸೆಲ್ಫ್ ಹೊಡೆಯುತ್ತೆ, ಸ್ಟಾರ್ಟ್ ಆಗಲ್ಲ: ಸೆಕೆಂಡ್ ಹ್ಯಾಂಡ್ ಕಾರೊಂದರ ದೋಷ ಹುಡುಕಿದ ಅನುಭವ

ಸೆಕೆಂಡ್ ಹ್ಯಾಂಡ್ ಕಾರಿಗೆ ಬರುವ ತೊಂದರೆಗಳಲ್ಲಿ ಹೆಚ್ಚು ದುಡ್ಡು ತಿನ್ನುವುದು ಇದು: ಕೀ ತಿರುಗಿಸಿದರೆ ಸೆಲ್ಫ್ ಚೆನ್ನಾಗಿ ಹೊಡೆಯುತ್ತದೆ, ಎಂಜಿನ್ ತಿರುಗುತ್ತದೆ, ಆದರೆ ಸ್ಟಾರ್ಟ್ ಆಗುವುದಿಲ್ಲ. ಕಾರಣ ಹತ್ತಾರು ಇರಬಹುದು. ಅಳತೆ ಮಾಡದೆ ಊಹೆಯ ಮೇಲೆ ಹೊರಟರೆ ಒಂದೊಂದು ಊಹೆಗೂ ಒಂದೊಂದು ಹೊಸ ಪಾರ್ಟು. ಭಾವ ಬೆಂಗಳೂರಿನಲ್ಲಿ ಕೊಂಡು ಶಿವಮೊಗ್ಗಕ್ಕೆ ತಂದ ಕಾರಿಗೆ ಮೊದಲು ನಡೆದದ್ದು ಊಹೆಯ ಚಿಕಿತ್ಸೆ, ಆಮೇಲೆ ಅಳತೆಯ ಚಿಕಿತ್ಸೆ. ಎರಡನ್ನೂ ಹತ್ತಿರದಿಂದ ನೋಡಿದ್ದರಿಂದ, ಇದೇ ಪಾಡು ಪಡುತ್ತಿರುವವರಿಗೆ ಉಪಯೋಗವಾಗಲೆಂದು ನಡೆದದ್ದನ್ನು ನಡೆದ ಕ್ರಮದಲ್ಲೇ ಬರೆಯುತ್ತಿದ್ದೇನೆ.

ಕಾರು 2014ರ ಮಾಡೆಲ್, 1.2 ಲೀಟರಿನ ನಾಲ್ಕು ಸಿಲಿಂಡರ್ ಪೆಟ್ರೋಲ್ ಹ್ಯಾಚ್‌ಬ್ಯಾಕ್. ಓಡಿದ್ದು 74,000 ಕಿ.ಮೀ. ಚಿಲ್ಲರೆ, ಭಾವ ಮೂರನೇ ಓನರ್. ಜುಲೈ ಮಳೆ ಹಿಡಿದುಕೊಂಡಾಗ ತೊಂದರೆ ಶುರುವಾಯಿತು. ಬೆಳಗ್ಗೆ ಸೆಲ್ಫ್ ಹೊಡೆದರೆ ಸ್ಟಾರ್ಟ್ ಇಲ್ಲ. ಅರ್ಧ ಗಂಟೆ ಬಿಟ್ಟು ಹೊಡೆದರೆ ಏನೂ ಆಗಿಲ್ಲವೆಂಬಂತೆ ಸ್ಟಾರ್ಟ್. ಬಿಸಿಲು ಬಿದ್ದ ದಿನ ತೊಂದರೆಯೇ ಇಲ್ಲ. ಹೀಗೆ ಬಂದು ಹೋಗುವ ದೋಷದ ಕಷ್ಟವೇನೆಂದರೆ, ಗ್ಯಾರೇಜಿಗೆ ಒಯ್ದಾಗ ಕಾರು ಸರಿಯಾಗಿರುತ್ತದೆ, ಕೆಟ್ಟು ನಿಂತಾಗ ನೋಡುವವರು ಹತ್ತಿರ ಇರುವುದಿಲ್ಲ. ಕೊನೆಗೆ ಸಾಗರ ರಸ್ತೆಯಲ್ಲಿ ಆಯನೂರಿನ ಹತ್ತಿರ ಚಹಾಕ್ಕೆ ನಿಲ್ಲಿಸಿದ ಕಾರು ಮತ್ತೆ ಏಳಲೇ ಇಲ್ಲ. ಅಕ್ಕ, ಮಕ್ಕಳು ಎಲ್ಲರೂ ಕಾರಿನಲ್ಲಿದ್ದರು, ಮಳೆ ಬಿಡುತ್ತಿರಲಿಲ್ಲ.

ಟೋಯಿಂಗ್ ವಿಷಯದಲ್ಲೇ ಮೊದಲ ಅಡ್ಡಿ. ವಿಮೆಯಲ್ಲಿ ರಸ್ತೆ ಸಹಾಯದ ಸೌಲಭ್ಯ ಇತ್ತು, ಆದರೆ ಪಾಲಿಸಿ ಇನ್ನೂ ಹಳೇ ಓನರ್ ಹೆಸರಿನಲ್ಲಿತ್ತು. ಫೋನ್ ಎತ್ತಿದವರು ಪಾಲಿಸಿದಾರರೇ ಮಾತಾಡಬೇಕು ಅಂದರು. ಹಳೇ ಓನರ್ ಫೋನಿಗೆ ಸಿಗಲಿಲ್ಲ. ಖಾಸಗಿ ಟೋಯಿಂಗ್ ಗಾಡಿಗೆ 2,500 ರೂಪಾಯಿ ಕೊಟ್ಟು ಶಿವಮೊಗ್ಗಕ್ಕೆ ತಂದದ್ದಾಯಿತು. ಕಾರು ಕೈ ಬದಲಾದ 14 ದಿನದೊಳಗೆ ವಿಮೆಯ ಹೆಸರು ಬದಲಾವಣೆಗೆ ಅರ್ಜಿ ಕೊಡಬೇಕೆಂಬುದು ಮೋಟಾರು ವಾಹನ ಕಾಯ್ದೆಯಲ್ಲೇ ಇದೆ. ಆರ್‌ಸಿ ಬರಲಿ, ಆಮೇಲೆ ವಿಮೆ ಮಾಡಿಸಿದರಾಯಿತು ಎಂದು ಕಾಯಬೇಡಿ. ಕಾರಿನ ವರ್ಗಾವಣೆಗೆ ಆರ್‌ಟಿಒದಲ್ಲಿ ಫಾರ್ಮ್ 29, ಫಾರ್ಮ್ 30 ಸಲ್ಲಿಸಿದ ರಸೀದಿ ಹಿಡಿದುಕೊಂಡು ವಿಮೆಯವರನ್ನೂ ಆಗಲೇ ಕೇಳಿ.

ಮೊದಲ ಗ್ಯಾರೇಜಿನಲ್ಲಿ ಬಾನೆಟ್ ಎತ್ತಿ, ಎರಡು ಸಲ ಸೆಲ್ಫ್ ಹೊಡೆಸಿ, “ಪ್ಲಗ್ ಹಳೇದಾಗಿದೆ ಸಾರ್, ಅದನ್ನ ಮೊದಲು ಹಾಕೋಣ” ಅಂದರು. ನಾಲ್ಕು ಪ್ಲಗ್, 800 ರೂಪಾಯಿ. ಸ್ಟಾರ್ಟ್ ಆಗಲಿಲ್ಲ. ಆಮೇಲೆ “ಪಂಪ್ ವೀಕ್ ಆಗಿದೆ, ಶಬ್ದ ಕೇಳಿ” ಅಂದರು. ಕೀ ಆನ್ ಮಾಡಿದಾಗ ಹಿಂದಿನ ಸೀಟಿನ ಕೆಳಗೆ ಪೆಟ್ರೋಲ್ ಪಂಪು ಎರಡು ಮೂರು ಸೆಕೆಂಡ್ ಗುಂಯ್ ಅನ್ನಬೇಕು. ಇಲ್ಲಿ ಆ ಶಬ್ದ ಕ್ಷೀಣವಾಗಿತ್ತು, ಎಳೆದಂತಿತ್ತು. ಅವರು ಗುರುತಿಸಿದ ಲಕ್ಷಣ ಸರಿ. ಆದರೆ ಪಂಪು ಕ್ಷೀಣವಾಗಿ ತಿರುಗುವುದಕ್ಕೆ ಪಂಪೇ ಕಾರಣವಾಗಬೇಕಿಲ್ಲ, ಅದಕ್ಕೆ ಬರುವ ಕರೆಂಟೂ ಕಾರಣವಾಗಬಹುದು. ಅದನ್ನು ಯಾರೂ ಮೀಟರಿನಲ್ಲಿ ನೋಡಲಿಲ್ಲ. ಪಂಪು ಸ್ಥಳೀಯ ಅಂಗಡಿಗಳಲ್ಲಿ ಸಿಗದೆ ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಬಸ್ ಪಾರ್ಸೆಲ್‌ನಲ್ಲಿ ಬರಬೇಕಾಯಿತು. ನಡುವೆ ಭಾನುವಾರ, ಹಬ್ಬದ ರಜೆ. ಪಂಪಿಗೆ 4,800, ಕೂಲಿ 700.

ಪಂಪು ಹಾಕಿದ ಮೇಲೆ ಕಾರು ಸ್ಟಾರ್ಟ್ ಆಯಿತು. ಎಲ್ಲರೂ ನಿಟ್ಟುಸಿರು ಬಿಟ್ಟರು. ಮುಂದಿನ ಜೋರು ಮಳೆಗೆ ಅದೇ ರೋಗ ಮರುಕಳಿಸಿತು.

ಪಾರ್ಟು ಬದಲಿಸಿದ ಕೂಡಲೇ ಸ್ಟಾರ್ಟ್ ಆದರೆ ಆ ಪಾರ್ಟೇ ಕೆಟ್ಟಿತ್ತು ಎಂದರ್ಥವಲ್ಲ. ಸೀಟು ಎತ್ತಿ, ವೈರು ಸಿಕ್ಕಿಸುವ ಕಪ್ಲರ್ ಕಿತ್ತು ಹಾಕುವಾಗ ವೈರಿಂಗ್ ಅಲುಗುತ್ತದೆ, ಕಾಯುತ್ತ ನಿಂತ ದಿನಗಳಲ್ಲಿ ತೇವ ಆರಿರುತ್ತದೆ, ಹೊಸ ಪಂಪು ಹಳೆಯದಕ್ಕಿಂತ ಕಡಿಮೆ ಕರೆಂಟ್ ಎಳೆಯುವುದರಿಂದ ದುರ್ಬಲ ವೈರಿನಲ್ಲೂ ಹೇಗೋ ತಿರುಗುತ್ತದೆ. ಹಾಗಾಗಿ ಬದಲಿಸಿದ ಹಳೇ ಪಾರ್ಟನ್ನು ಗ್ಯಾರೇಜಿನಲ್ಲಿ ಬಿಟ್ಟು ಬರಬೇಡಿ, ಕೇಳಿ ತೆಗೆದುಕೊಳ್ಳಿ. ಆಮೇಲೆ ಅದು ಸರಿಯಿತ್ತೋ ಇಲ್ಲವೋ ಪರೀಕ್ಷಿಸಬಹುದು.

ಎರಡನೇ ಸುತ್ತಿನಲ್ಲಿ ಕಾರನ್ನು ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿನಲ್ಲಿ ವೈರಿಂಗ್ ಕೆಲಸ ಮಾಡುವ ಹಿರಿಯರೊಬ್ಬರ ಶೆಡ್ಡಿಗೆ ಒಯ್ದೆವು. ಒಂದು ಕರಾರು ಮೊದಲೇ ಮಾಡಿಕೊಂಡಿದ್ದೆವು: ಅಳತೆ ನೋಡದೆ ಯಾವ ಪಾರ್ಟೂ ಕೊಳ್ಳುವುದಿಲ್ಲ. ಅವರೂ ಅದನ್ನೇ ಹೇಳುವ ಪೈಕಿ. “ಕಾರು ಕೆಟ್ಟಿದ್ದಾಗಲೇ ತಂದಿದ್ದೀರಲ್ಲಣ್ಣ, ಅದೇ ಒಳ್ಳೇದು. ಸ್ಟಾರ್ಟ್ ಆಗೋ ಗಾಡೀಲಿ ಏನು ಹುಡುಕಲಿ?” ಅಂದರು. ಬೇಕಾದ ಸಾಮಾನು ಹೆಚ್ಚಿಲ್ಲ: 600 ರೂಪಾಯಿ ಆಸುಪಾಸಿನ ಡಿಜಿಟಲ್ ಮಲ್ಟಿಮೀಟರ್, 21 ವ್ಯಾಟಿನ ಇಂಡಿಕೇಟರ್ ಬಲ್ಬಿಗೆ ಎರಡು ವೈರ್ ಕಟ್ಟಿದ ಟೆಸ್ಟ್ ಲ್ಯಾಂಪ್, ಸ್ಪಾರ್ಕ್ ಟೆಸ್ಟರ್, ಫೋನಿಗೆ ಬ್ಲೂಟೂತ್‌ನಲ್ಲಿ ಸೇರುವ ಸ್ಕ್ಯಾನರ್, ಪೆಟ್ರೋಲ್ ಪ್ರೆಷರ್ ಗೇಜ್. ಕೊನೆಯದು ಅವರಲ್ಲಿತ್ತು.

ಮೊದಲು ಬ್ಯಾಟರಿ. ಸೆಲ್ಫ್ ಹೊಡೆಯುತ್ತದೆಂದ ಮಾತ್ರಕ್ಕೆ ಬ್ಯಾಟರಿ ಸರಿ ಎಂದುಕೊಳ್ಳುವ ಹಾಗಿಲ್ಲ. ಸುಮ್ಮನೆ ನಿಂತ ಕಾರಿನಲ್ಲಿ 12.5 ವೋಲ್ಟ್ ಇತ್ತು. 12.6 ಇದ್ದರೆ ಪೂರ್ತಿ ಚಾರ್ಜ್, 12.2 ಅಂದರೆ ಅರ್ಧ. ಮುಖ್ಯವಾದದ್ದು ಸೆಲ್ಫ್ ಹೊಡೆಯುವಾಗಿನ ಅಳತೆ: 10.3 ಬಂತು. ಇದು 9.6ಕ್ಕಿಂತ ಕೆಳಗೆ ಬಿದ್ದರೆ ಮೊದಲು ಬ್ಯಾಟರಿ, ಟರ್ಮಿನಲ್, ಅರ್ತ್ ಕೇಬಲ್ ಸರಿ ಮಾಡಿಕೊಂಡು ಮುಂದಕ್ಕೆ ಹೋಗಬೇಕು. ವೋಲ್ಟೇಜ್ ಕುಸಿದಾಗ ಸೆಲ್ಫ್ ತಿರುಗಿದರೂ ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್), ಸ್ಪಾರ್ಕಿಗೆ ಕರೆಂಟ್ ಕೊಡುವ ಇಗ್ನಿಷನ್ ಕಾಯಿಲ್, ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್‌ಗಳು ಸರಿಯಾಗಿ ಕೆಲಸ ಮಾಡುವುದಿಲ್ಲ. ಸೆಲ್ಫ್ ಹೊಡೆಯುವಾಗಲೇ ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಮೈನಸ್‌ಗೆ, ಇನ್ನೊಂದು ಎಂಜಿನ್ ಬ್ಲಾಕಿಗೆ ಇಟ್ಟು ನೋಡಿದೆವು: 0.1 ವೋಲ್ಟ್. 0.2 ದಾಟಿದರೆ ಎಂಜಿನ್ನಿನ ಅರ್ತ್ ಸಡಿಲ ಅಥವಾ ತುಕ್ಕು. ಇಲ್ಲಿ ಎರಡೂ ಸರಿ ಇದ್ದವು. ಒಂದು ಎಚ್ಚರಿಕೆ: ಒಂದೇ ಸಲಕ್ಕೆ ಹತ್ತು ಸೆಕೆಂಡಿಗಿಂತ ಹೆಚ್ಚು ಸೆಲ್ಫ್ ಹೊಡೆಯಬೇಡಿ, ನಡುವೆ ಅರ್ಧ ನಿಮಿಷವಾದರೂ ಬಿಡಿ. ಸ್ಟಾರ್ಟರ್ ಮೋಟಾರು ಸುಡುತ್ತದೆ. ಸ್ಪಾರ್ಕ್ ಇಲ್ಲದೆ ಪೆಟ್ರೋಲ್ ಮಾತ್ರ ಬರುತ್ತಿರುವ ಕಾರಾದರೆ, ಉರಿಯದ ಪೆಟ್ರೋಲು ಸೈಲೆನ್ಸರ್ ಲೈನಿನಲ್ಲಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅದನ್ನೂ ಹಾಳುಮಾಡುತ್ತದೆ.

ಸೆಲ್ಫಿನ ಶಬ್ದವನ್ನೂ ಕಿವಿಗೊಟ್ಟು ಕೇಳಬೇಕು. ಸರಿಯಾದ ಎಂಜಿನ್ ತಿರುಗುವಾಗ ರುರ್-ರುರ್-ರುರ್ ಎಂದು ಏರಿಳಿತ ಇರುತ್ತದೆ, ಒಂದೊಂದು ಸಿಲಿಂಡರಿನ ಕಂಪ್ರೆಷನ್ ತಡೆಯುವುದು ಹಾಗೆ ಕೇಳಿಸುತ್ತದೆ. ಆ ಏರಿಳಿತ ಹೋಗಿ ರೊಂಯ್ ಎಂದು ಒಂದೇ ಸಮನೆ, ಮಾಮೂಲಿಗಿಂತ ವೇಗವಾಗಿ ತಿರುಗಿದರೆ ಟೈಮಿಂಗ್ ಬೆಲ್ಟ್ ಅಥವಾ ಚೈನ್ ಹೋಗಿರಬಹುದು. ಅಂಥ ಕಾರಿಗೆ ಮತ್ತೆ ಮತ್ತೆ ಸೆಲ್ಫ್ ಹೊಡೆದರೆ ವಾಲ್ವ್‌ಗಳು ಪಿಸ್ಟನ್ನಿಗೆ ತಾಗಿ ಬಾಗುವ ಅಪಾಯವಿದೆ. ಅಲ್ಲಿಗೇ ನಿಲ್ಲಿಸಿ ಟೋ ಮಾಡಿಸಿ. ಈ ಕಾರಿನ ಶಬ್ದದಲ್ಲಿ ಏರಿಳಿತ ಸ್ಪಷ್ಟವಿತ್ತು.

ಆಮೇಲೆ ಮೀಟರ್ ಕ್ಲಸ್ಟರಿನ ದೀಪಗಳು. ಕೀ ಆನ್ ಮಾಡಿದಾಗ ಚೆಕ್ ಎಂಜಿನ್ ದೀಪ ಹತ್ತಲೇಬೇಕು. ಹತ್ತದಿದ್ದರೆ ಇಸಿಯುಗೇ ಕರೆಂಟ್ ಹೋಗುತ್ತಿಲ್ಲ, ಮೇನ್ ರಿಲೇ (ಕರೆಂಟಿನಿಂದ ನಡೆಯುವ ಸ್ವಿಚ್) ಮತ್ತು ಅದರ ಫ್ಯೂಸ್ ಕಡೆ ನೋಡಬೇಕು. ಇಲ್ಲಿ ಹತ್ತಿತು. ಬೇರೆ ಕೀಯಿಂದ ಸ್ಟಾರ್ಟ್ ಆಗದಂತೆ ತಡೆಯುವ ಇಮ್ಮೊಬಿಲೈಸರ್‌ನ ದೀಪ ಒಂದು ಕ್ಷಣ ಹತ್ತಿ ಆರಿತು. ಅದು ಮಿಣುಕುತ್ತಲೇ ಇದ್ದರೆ ಕಾರು ಕೀಯಲ್ಲಿನ ಚಿಪ್ ಗುರುತಿಸಿಲ್ಲ ಎಂದರ್ಥ. ಆಗ ಎಷ್ಟೋ ಕಾರುಗಳಲ್ಲಿ ಸೆಲ್ಫ್ ಹೊಡೆಯುತ್ತದೆ, ಇಂಜೆಕ್ಟರ್ ಮಾತ್ರ ತೆರೆಯುವುದಿಲ್ಲ.

ಸೆಕೆಂಡ್ ಹ್ಯಾಂಡ್ ಕಾರಿನಲ್ಲಿ ಕೀ ತೊಂದರೆ ಬಂದರೆ ಅದು ಕಾಗದಪತ್ರದ ತೊಂದರೆಯೂ ಹೌದು. ಭಾವನಿಗೆ ಮಾರಿದವರು ಒಂದೇ ಕೀ ಕೊಟ್ಟಿದ್ದರು. ಎರಡನೆಯದಕ್ಕಾಗಿ ಕಂಪನಿ ಸರ್ವಿಸ್ ಸೆಂಟರಿನಲ್ಲಿ ವಿಚಾರಿಸಿದಾಗ ಆರ್‌ಸಿಯಲ್ಲಿರುವ ಹೆಸರಿನವರದೇ ಗುರುತಿನ ಚೀಟಿ ಬೇಕು, ಆರ್‌ಸಿ ವರ್ಗಾವಣೆ ಮುಗಿಯುವವರೆಗೆ ಕೋಡಿಂಗ್ ಮಾಡುವುದಿಲ್ಲ ಅಂದರು. ಕಾರು ಕೊಳ್ಳುವ ದಿನವೇ ಎರಡೂ ಕೀ ಕೇಳಿ ಪಡೆಯಿರಿ, ಎರಡರಿಂದಲೂ ಸ್ಟಾರ್ಟ್ ಮಾಡಿ ನೋಡಿ. ಸಾಲ ಇದ್ದ ಕಾರಾದರೆ ಸಾಲ ತೀರಿದೆ ಎಂದು ಬ್ಯಾಂಕಿನವರು ಸಹಿ ಮಾಡಿದ ಫಾರ್ಮ್ 35 ಕೂಡ ಇಲ್ಲದೆ ವರ್ಗಾವಣೆ ಮುಂದಕ್ಕೆ ಹೋಗುವುದಿಲ್ಲ.

ಸ್ಕ್ಯಾನರ್ ಹಾಕಿದೆವು. ಬಿಎಸ್-4 ಕಾರುಗಳಿಗೆ 2013ರ ಏಪ್ರಿಲ್‌ನಿಂದ ಒಬಿಡಿ-2 (ದೋಷ ಓದುವ ಏಕರೂಪದ ವ್ಯವಸ್ಥೆ) ಬಂದಿರುವುದರಿಂದ ಸ್ಟಿಯರಿಂಗ್ ಕೆಳಗಿನ 16 ಪಿನ್ನಿನ ಸಾಕೆಟ್‌ಗೆ ಅಗ್ಗದ ಸ್ಕ್ಯಾನರ್ ಕೂಡ ಹೊಂದುತ್ತದೆ. ಫಾಲ್ಟ್ ಕೋಡ್ ಒಂದೂ ಇರಲಿಲ್ಲ. ಕೋಡ್ ಇಲ್ಲ ಅಂದರೆ ದೋಷ ಇಲ್ಲ ಎಂದು ಕೈಬಿಡುವವರೇ ಬಹಳ. ಇಂಥ ಸಾಮಾನ್ಯ ಕಾರಿನಲ್ಲಿ ಪೆಟ್ರೋಲ್ ಪ್ರೆಷರ್ ಅಳೆಯುವ ಸೆನ್ಸರೇ ಇರುವುದಿಲ್ಲ. ಪ್ರೆಷರ್ ಇಲ್ಲವೆಂದು ಇಸಿಯುಗೆ ಗೊತ್ತಾಗುವುದಾದರೂ ಹೇಗೆ? ಹಾಗಾಗಿ ಕೋಡಿಗಿಂತ ಲೈವ್ ಡೇಟಾ ಮುಖ್ಯ. ಸೆಲ್ಫ್ ಹೊಡೆಯುವಾಗ ಆರ್‌ಪಿಎಂ 240 ತೋರಿಸಿತು. ಅಂದರೆ ಎಂಜಿನ್ ತಿರುಗುವುದನ್ನು ಇಸಿಯುಗೆ ತಿಳಿಸುವ ಕ್ರ್ಯಾಂಕ್ ಸೆನ್ಸರ್ ಸಿಗ್ನಲ್ ಕೊಡುತ್ತಿದೆ. ಎಂಜಿನ್ ತಿರುಗುತ್ತಿದ್ದರೂ ಆರ್‌ಪಿಎಂ ಸೊನ್ನೆ ಇದ್ದರೆ ಹುಡುಕಾಟ ಬಹುಪಾಲು ಅಲ್ಲಿಗೇ ಮುಗಿಯುತ್ತದೆ: ಕ್ರ್ಯಾಂಕ್ ಸೆನ್ಸರ್, ಅದರ ಕಪ್ಲರ್ ಅಥವಾ ವೈರ್. ಕೂಲಂಟ್ ತಾಪಮಾನ 26 ಡಿಗ್ರಿ, ಹೊರಗಿನ ಹವೆಗೆ ಹೊಂದುತ್ತದೆ. ಇಲ್ಲಿ ಮೈನಸ್ 40 ತೋರಿಸಿದರೆ ಆ ಸೆನ್ಸರಿನ ವೈರ್ ಕಡಿದಿದೆ, ಇಸಿಯು ವಿಪರೀತ ಚಳಿ ಎಂದುಕೊಂಡು ಪೆಟ್ರೋಲ್ ಸುರಿದು ಪ್ಲಗ್ ಒದ್ದೆ ಮಾಡುತ್ತದೆ. ಎಂಜಿನ್ ಎಳೆಯುವ ಗಾಳಿಯ ಒತ್ತಡ ಅಳೆಯುವ ಮ್ಯಾಪ್ ಸೆನ್ಸರ್ ಎಂಜಿನ್ ನಿಂತಿರುವಾಗ 94 ಕಿಲೋಪ್ಯಾಸ್ಕಲ್ ತೋರಿಸಿತು. ಎಂಜಿನ್ ತಿರುಗದಾಗ ಅದು ಊರಿನ ಗಾಳಿಯ ಒತ್ತಡವನ್ನೇ ತೋರಿಸಬೇಕು. ಮಂಗಳೂರಿನಲ್ಲಿ ಸುಮಾರು 100, ಶಿವಮೊಗ್ಗದಲ್ಲಿ 94, ಬೆಂಗಳೂರಿನ ಎತ್ತರಕ್ಕೆ 91ರ ಸುಮಾರು. ಬೆಂಗಳೂರಿನಲ್ಲಿ 91 ಕಂಡು ಸೆನ್ಸರ್ ಕೆಟ್ಟಿದೆ ಎಂದು ಬದಲಿಸಲು ಹೋಗಬೇಡಿ.

ಕ್ರ್ಯಾಂಕ್ ಸೆನ್ಸರ್ ಬಗ್ಗೆ ಇನ್ನೊಂದು ಮಾತು, ಏಕೆಂದರೆ ಸೆಲ್ಫ್ ಹೊಡೆದೂ ಸ್ಟಾರ್ಟ್ ಆಗದ ಕಾರುಗಳಲ್ಲಿ ಅನೇಕ ಸಲ ಕಳ್ಳ ಅದೇ. ಅದರ ಲಕ್ಷಣ ಬೇರೆ: ತಣ್ಣಗಿದ್ದಾಗ ಸ್ಟಾರ್ಟ್ ಆಗುತ್ತದೆ, ಓಡಿ ಬಿಸಿಯಾದ ಮೇಲೆ ನಿಲ್ಲಿಸಿದರೆ ಏಳುವುದಿಲ್ಲ, ಮುಕ್ಕಾಲು ಗಂಟೆ ಆರಿದ ಮೇಲೆ ಮತ್ತೆ ಸ್ಟಾರ್ಟ್. ಎರಡು ವೈರಿನ ಸೆನ್ಸರ್ ಆದರೆ ಓಮ್ಸ್ ಅಳೆಯಬಹುದು, ಸಾಮಾನ್ಯವಾಗಿ ಕೆಲವು ನೂರರಿಂದ ಒಂದೂವರೆ ಸಾವಿರದೊಳಗೆ ಬರುತ್ತದೆ. ಮೂರು ವೈರಿನದಕ್ಕೆ ಓಮ್ಸ್ ಅಳತೆ ಉಪಯೋಗಕ್ಕೆ ಬಾರದು. ಅದಕ್ಕೆ ಸಪ್ಲೈ, ಅರ್ತ್, ಸಿಗ್ನಲ್ ಮೂರನ್ನೂ ಬೇರೆ ಬೇರೆ ನೋಡಬೇಕು. ಈ ಕಾರು ಬಿಸಿಗಲ್ಲ, ತೇವಕ್ಕೆ ನಿಲ್ಲುತ್ತಿತ್ತು. ಹೀಗೆ ಯಾವಾಗ ನಿಲ್ಲುತ್ತದೆ, ಯಾವಾಗ ಏಳುತ್ತದೆ ಎಂಬುದನ್ನು ಒಂದು ಚೀಟಿಯಲ್ಲಿ ಬರೆದಿಟ್ಟರೆ ನೋಡುವವರ ಅರ್ಧ ಕೆಲಸ ಹಗುರವಾಗುತ್ತದೆ.

ಸ್ಪಾರ್ಕ್ ನೋಡುವ ಸರದಿ. ಪ್ಲಗ್ ಬಿಚ್ಚಿ ಕೈಯಲ್ಲಿ ಹಿಡಿದು ಬ್ಲಾಕಿಗೆ ತಾಗಿಸುವ ಹಳೇ ಪದ್ಧತಿ ಈಗಿನ ಕಾರುಗಳಿಗೆ ಬೇಡ. ಕಾಯಿಲ್ ಇಪ್ಪತ್ತು ಸಾವಿರ ವೋಲ್ಟ್ ದಾಟಿ ಕೊಡುತ್ತದೆ. ಕೈಗೆ ಹೊಡೆತ, ಅರ್ತ್ ತಪ್ಪಿದರೆ ಕಾಯಿಲ್ಲಿಗೂ ಇಸಿಯುಗೂ ಪೆಟ್ಟು, ಪಕ್ಕದಲ್ಲಿ ಪೆಟ್ರೋಲಿನ ಆವಿ ಬೇರೆ. ಇಂಜೆಕ್ಟರ್ ಕಪ್ಲರ್‌ಗಳನ್ನು ಕಿತ್ತಿಟ್ಟು, ಸ್ಪಾರ್ಕ್ ಟೆಸ್ಟರನ್ನು ಒಂದೊಂದೇ ಕಾಯಿಲ್‌ಗೆ ಹಾಕಿ ನೋಡಿದೆವು. ನಾಲ್ಕೂ ನೀಲಿ ಬಣ್ಣದ ಗಟ್ಟಿ ಸ್ಪಾರ್ಕ್. ಬಿಚ್ಚಿದ ಪ್ಲಗ್‌ಗಳು ಒಣಗಿದ್ದವು, ಮೂಗಿಗೆ ಹಿಡಿದರೂ ಪೆಟ್ರೋಲಿನ ವಾಸನೆ ಇರಲಿಲ್ಲ. ಅಷ್ಟು ಸೆಲ್ಫ್ ಹೊಡೆದ ಮೇಲೂ ಪ್ಲಗ್ ಒಣಗಿದೆ ಅಂದರೆ ಸಿಲಿಂಡರಿಗೆ ಪೆಟ್ರೋಲ್ ಇಳಿಯುತ್ತಿಲ್ಲ. ಪ್ಲಗ್ ಒದ್ದೆಯಿದ್ದರೆ ದಾರಿ ಬೇರೆ: ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು ಸೆಲ್ಫ್ ಹೊಡೆಯಿರಿ. ಬಹುತೇಕ ಕಾರುಗಳಲ್ಲಿ ಆಗ ಇಸಿಯು ಪೆಟ್ರೋಲ್ ನಿಲ್ಲಿಸಿ ಬರೀ ಗಾಳಿ ಎಳೆಸುತ್ತದೆ, ಪ್ಲಗ್ ಆರುತ್ತವೆ.

ಇಂಜೆಕ್ಟರಿಗೆ ಇಸಿಯುವಿನಿಂದ ಸಿಗ್ನಲ್ ಬರುತ್ತಿದೆಯೇ ಎಂದು ನೋಡಲು ಕಪ್ಲರ್‌ಗೆ ನಾಯ್ಡ್ ಲೈಟ್ ಎಂಬ ಸಣ್ಣ ದೀಪ ಸಿಕ್ಕಿಸಿದರು. ಸೆಲ್ಫ್ ಹೊಡೆದಾಗ ಅದು ಪಟಪಟನೆ ಮಿಣುಕಿತು. ಅಂದರೆ ಇಸಿಯು ತನ್ನ ಪಾಲಿನದನ್ನು ಮಾಡುತ್ತಿದೆ, ಇಂಜೆಕ್ಟರ್ ತೆರೆಯುವ ಸಿಗ್ನಲ್ ಬರುತ್ತಿದೆ, ಅದರ ಹಿಂದೆ ಪೆಟ್ರೋಲಿನ ಒತ್ತಡ ಇದೆಯೇ ಎಂದು ನೋಡುವುದು ಉಳಿಯಿತು. (ಸಿಎನ್‌ಜಿ ಕಿಟ್ ಹಾಕಿದ ಅಥವಾ ಹಾಕಿ ತೆಗೆದ ಕಾರು ಕೊಂಡವರು ಇಲ್ಲಿ ಗಮನಿಸಿ: ಪೆಟ್ರೋಲ್ ಇಂಜೆಕ್ಟರನ್ನು ಕಡಿಯುವ ವೈರುಗಳು ಆ ಕಿಟ್ಟಿನ ಮೂಲಕವೇ ಹೋಗುತ್ತವೆ. ಅಲ್ಲೊಂದು ಜಾಯಿಂಟ್ ಬಿಟ್ಟರೂ ಈ ದೀಪ ಮಿಣುಕುವುದಿಲ್ಲ.)

ಪ್ರೆಷರ್ ಗೇಜ್ ಹಾಕುವ ಮೊದಲು ಲೈನಿನಲ್ಲಿರುವ ಒತ್ತಡ ಇಳಿಸಬೇಕು. ಪಂಪಿನ ಫ್ಯೂಸ್ ತೆಗೆದು ಕೆಲವು ಸೆಕೆಂಡ್ ಸೆಲ್ಫ್ ಹೊಡೆಸಿ, ಬ್ಯಾಟರಿಯ ಮೈನಸ್ ಬಿಚ್ಚಿ, ಪೈಪಿನ ಜಾಯಿಂಟಿಗೆ ಬಟ್ಟೆ ಸುತ್ತಿ ಬಿಡಿಸಿದರು. ಬೀಡಿ, ಸಿಗರೇಟ್, ಹ್ಯಾಲೊಜೆನ್ ದೀಪ ಹತ್ತಿರ ಇರಬಾರದು, ಬೆಂಕಿ ಆರಿಸುವ ಸಿಲಿಂಡರ್ ಕೈಗೆ ಸಿಗುವಂತಿರಬೇಕು. ಪೆಟ್ರೋಲನ್ನು ಒಂದು ಗಾಜಿನ ಬಾಟಲಿಗೆ ಹಿಡಿದು ಸ್ವಲ್ಪ ಹೊತ್ತು ಬಿಟ್ಟರು. ಮಳೆಗಾಲದಲ್ಲಿ ಟ್ಯಾಂಕಿಗೆ ನೀರು ಸೇರಿದ್ದರೆ ತಳದಲ್ಲಿ ಬೇರೆ ಪದರವಾಗಿ ಕಾಣುತ್ತದೆ. ನೀರಿರಲಿಲ್ಲ.

ಗೇಜಿನ ಮುಳ್ಳು 1.1 ಬಾರ್‌ಗೆ ಏರಿ ನಿಂತಿತು. ಈ ಎಂಜಿನ್ನಿಗೆ ಬೇಕಾದದ್ದು 3 ಬಾರ್. ಅದೂ ಹೊಸ ಪಂಪಿನಲ್ಲಿ.

ಹೊಸ ಪಂಪೂ ಕೆಟ್ಟಿದೆ ಎಂದು ಇನ್ನೊಂದು ತರಿಸುವ ತಪ್ಪು ನಡೆಯುವುದು ಇದೇ ಹಂತದಲ್ಲಿ. ಮೊದಲ ಗ್ಯಾರೇಜಿನವರನ್ನು ಕೇಳಿದಾಗ ಅವರೂ “ಪೀಸ್ ಡಿಫೆಕ್ಟ್ ಇರಬೇಕು, ವಾಪಸ್ ಕಳಿಸೋಣ” ಅಂದಿದ್ದರು. ಇಲ್ಲಿ ಹಿಂದಿನ ಸೀಟೆತ್ತಿ ಪಂಪಿನ ಕಪ್ಲರ್ ಬಿಚ್ಚಿ ಮೀಟರ್ ಹಿಡಿದರೆ 12.3 ವೋಲ್ಟ್. ನೋಡುವವರಿಗೆ ಕರೆಂಟ್ ಸರಿಯಾಗಿ ಬರುತ್ತಿದೆ ಅನ್ನಿಸುತ್ತದೆ. ಓವರ್‌ಹೆಡ್ ಟ್ಯಾಂಕಿನ ಪೈಪಿನಲ್ಲಿ ಕಸ ಕಟ್ಟಿದ್ದರೂ ನಲ್ಲಿ ಮುಚ್ಚಿರುವಷ್ಟು ಹೊತ್ತು ಒತ್ತಡ ಪೂರ್ತಿ ಇರುತ್ತದೆ, ತೆರೆದಾಗ ತಾನೇ ನೀರು ಸಣ್ಣಗೆ ಬರುವುದು? ಮೀಟರ್ ಎಳೆಯುವ ಕರೆಂಟ್ ಬಹಳ ಕಡಿಮೆ, ಹಾಗಾಗಿ ಒಂದೇ ಎಳೆ ತಂತಿ ಉಳಿದಿದ್ದರೂ 12 ವೋಲ್ಟ್ ತೋರಿಸುತ್ತದೆ. ಅಳತೆ ತೆಗೆಯಬೇಕಾದದ್ದು ಕಪ್ಲರ್ ಹಾಕಿ, ಪಂಪು ಓಡುತ್ತಿರುವಾಗ.

ಕೀ ಆನ್ ಮಾಡಿದಾಗ ಪಂಪು ಓಡುವುದು ಎರಡೇ ಸೆಕೆಂಡ್, ಅಷ್ಟರಲ್ಲಿ ಅಳತೆ ಸಿಗುವುದಿಲ್ಲ. ಫ್ಯೂಸ್ ಬಾಕ್ಸಿನಿಂದ ಪಂಪಿನ ರಿಲೇ ತೆಗೆದು, ಸಾಕೆಟ್ಟಿನ 30 ಮತ್ತು 87ನೇ ಪಿನ್ನುಗಳ ನಡುವೆ 15 ಆಂಪಿಯರ್ ಫ್ಯೂಸ್ ಇರುವ ವೈರ್ ಸೇರಿಸಿದರೆ ಪಂಪು ನಿಲ್ಲದೆ ಓಡುತ್ತದೆ. 85, 86 ರಿಲೇಯ ಕಾಯಿಲ್ಲಿನವು, ಅವನ್ನು ಮುಟ್ಟಬಾರದು. ರಿಲೇಯ ಮೇಲಿನ ನಕ್ಷೆ ನೋಡಿ ಖಾತ್ರಿ ಮಾಡಿಕೊಂಡೇ ಸೇರಿಸಿ. ಹೀಗೆ ಓಡಿಸಿಕೊಂಡು, ಕಪ್ಲರಿನ ಹಿಂಬದಿಯಿಂದ ಗುಂಡುಸೂಜಿ ತೂರಿಸಿ ಅಳೆದೆವು. ಬ್ಯಾಟರಿಯಲ್ಲಿ 12.3 ವೋಲ್ಟ್, ಪಂಪಿನ ಎರಡು ಪಿನ್ನುಗಳ ನಡುವೆ 7.7. ಅರ್ತ್ ಕಡೆ ಕಳೆದುಹೋಗುತ್ತಿದ್ದದ್ದು 0.1. ಉಳಿದ 4.5 ವೋಲ್ಟ್ ಪ್ಲಸ್ ಕಡೆಯ ವೈರಿನಲ್ಲಿ ಎಲ್ಲೋ ಸೋರಿಹೋಗುತ್ತಿದೆ. ಲೆಕ್ಕ ಕೂಡಿತು.

ಡಿಸಿ ಅಳೆಯುವ ಕ್ಲ್ಯಾಂಪ್ ಮೀಟರಿನಲ್ಲಿ ಪಂಪು ಎಳೆಯುತ್ತಿದ್ದ ಕರೆಂಟ್ 2.6 ಆಂಪಿಯರ್. ಇಂಥ ಪಂಪು ಪೂರ್ತಿ ವೋಲ್ಟೇಜಿನಲ್ಲಿ ನಾಲ್ಕರ ಮೇಲೆ ಎಳೆಯಬೇಕು. 4.5 ವೋಲ್ಟ್, 2.6 ಆಂಪಿಯರ್ ಅಂದರೆ ಹೆಚ್ಚುಕಡಿಮೆ 12 ವ್ಯಾಟ್ ಶಾಖ ಆ ವೈರಿನ ಯಾವುದೋ ಒಂದು ಜಾಗದಲ್ಲಿ ಹುಟ್ಟುತ್ತಿದೆ. ಆ ಜಾಗ ಮುಟ್ಟಿದರೆ ಬಿಸಿ ಇರಲೇಬೇಕು. ಹಿರಿಯರು ಹೇಳಿದ್ದೂ ಅದನ್ನೇ: “ಮೀಟರ್ ದಾರಿ ತೋರಿಸ್ತದೆ, ಕೊನೇಗೆ ಕೈಯಲ್ಲೇ ಸಿಗ್ತದೆ.”

ವೈರನ್ನು ತುಂಡು ತುಂಡಾಗಿ ಅಳೆಯುತ್ತ ಬಂದೆವು. ಬ್ಯಾಟರಿಯ ಪ್ಲಸ್‌ನಿಂದ ರಿಲೇ ಸಾಕೆಟ್ಟಿನ 87ರವರೆಗೆ 0.1 ವೋಲ್ಟ್ ಮಾತ್ರ ಕಳೆದಿತ್ತು, ಫ್ಯೂಸ್ ಬಾಕ್ಸ್ ಸರಿ. ಡ್ರೈವರ್ ಬಾಗಿಲಿನ ಹೊಸ್ತಿಲಿನ ಪ್ಲಾಸ್ಟಿಕ್ ಎತ್ತಿ, ಹಿಂದಕ್ಕೆ ಹೋಗುವ ವೈರಿನಲ್ಲಿ ಅಳೆದರೆ ಅಲ್ಲಾಗಲೇ 7.9. ಹಾಗಾದರೆ ದೋಷ ಫ್ಯೂಸ್ ಬಾಕ್ಸಿಗೂ ಹೊಸ್ತಿಲಿಗೂ ನಡುವೆ, ಡ್ಯಾಶ್‌ಬೋರ್ಡಿನ ಕೆಳಗೆ. ಅಲ್ಲಿ ಕೈ ಹಾಕುವಾಗ ಒಂದು ಎಚ್ಚರ ಬೇಕು: ಹಳದಿ ಕವಚ ಅಥವಾ ಹಳದಿ ಕಪ್ಲರ್ ಇರುವ ವೈರುಗಳು ಏರ್‌ಬ್ಯಾಗಿನವು. ಅವಕ್ಕೆ ಟೆಸ್ಟ್ ಲ್ಯಾಂಪ್ ಚುಚ್ಚಲೇಬಾರದು, ಏರ್‌ಬ್ಯಾಗ್ ಸಿಡಿಯಬಹುದು.

ಕೆಳಗಿನ ಮುಚ್ಚಳ ಬಿಚ್ಚಿದಾಗ ಸ್ಟಿಯರಿಂಗ್ ಕಾಲಮ್ಮಿನ ಪಕ್ಕ ಕಪ್ಪು ಟೇಪಿನ ದೊಡ್ಡ ಗಂಟೊಂದು ಕಂಡಿತು. ಕಂಪನಿ ವೈರಿಂಗಿನಲ್ಲಿ ಅಂಥ ಗಂಟು ಇರುವುದಿಲ್ಲ. ಒಳಗೆ ಹೊರಗಿನ ಅಂಗಡಿಯಲ್ಲಿ ಹಾಕಿಸಿದ ಕಳ್ಳತನ ತಡೆಯುವ ಅಲಾರಂ, ಅದಕ್ಕೆ ಸೇರಿದ ಸಣ್ಣ ಕಟ್-ಆಫ್ ರಿಲೇ. ಹಿಂದಿನ ಓನರುಗಳಲ್ಲಿ ಯಾರೋ ಹಾಕಿಸಿದ್ದು. ರಿಮೋಟು ಎಂದೋ ಕಳೆದುಹೋಗಿ, ಅಲಾರಂ ಕೂಗುವುದು ನಿಂತು, ಅದು ಅಲ್ಲಿದೆ ಎಂಬುದೇ ಮಾರಿದವರಿಗೂ ಗೊತ್ತಿರಲಿಲ್ಲ. ಪಂಪಿಗೆ ಹೋಗುವ ವೈರನ್ನು ನಡುವೆ ಕತ್ತರಿಸಿ, ಎರಡು ತುದಿಗಳನ್ನೂ ಈ ರಿಲೇ ಮೂಲಕ ಹಾಯಿಸಿದ್ದರು. ಜಾಯಿಂಟುಗಳಿಗೆ ಬೆಸುಗೆ ಇಲ್ಲ, ತಂತಿಗೆ ತಂತಿ ಹೊಸೆದು ಟೇಪ್ ಸುತ್ತಿದ್ದರು ಅಷ್ಟೆ. ಗಂಟು ಬೆಚ್ಚಗಿತ್ತು. ಟೇಪ್ ಬಿಡಿಸಿದರೆ ಒಳಗಿನ ಅಂಟು ಕರಗಿ ಕಪ್ಪಗೆ ಜಿಗುಟಾಗಿತ್ತು, ಒಂದು ಜಾಯಿಂಟಿನ ತಾಮ್ರ ಹಸಿರು ಪುಡಿಯಾಗಿ ಮೂರು ನಾಲ್ಕು ಎಳೆ ಮಾತ್ರ ಉಳಿದಿದ್ದವು, ವೈರಿನ ಪ್ಲಾಸ್ಟಿಕ್ ಒಂದಿಂಚಿನಷ್ಟು ಸುಟ್ಟು ಗಟ್ಟಿಯಾಗಿತ್ತು. ರಿಲೇ ಒಡೆದು ನೋಡಿದಾಗ ಅದರ ಕಾಂಟ್ಯಾಕ್ಟ್ ಕೂಡ ಸುಟ್ಟು ಗುಳಿ ಬಿದ್ದಿತ್ತು.

ಸಿಟ್ಟು ಬಂದದ್ದು ನಿಜ. ಬೆಂಕಿ ಹತ್ತಬಹುದಾಗಿದ್ದ ಜಾಗದ ಮೇಲೆ ಇಷ್ಟು ದಿನ ಕಾಲಿಟ್ಟು ಮಕ್ಕಳನ್ನು ಕೂರಿಸಿಕೊಂಡು ಓಡಾಡಿದ್ದರು.

ದುರಸ್ತಿ ಸರಳ, ಆದರೆ ಪೂರ್ತಿ ಮಾಡಬೇಕು. ಅಲಾರಂ ಬರೀ ಪಂಪಿನ ವೈರ್ ಹಿಡಿದಿರುವುದಿಲ್ಲ. ಇಗ್ನಿಷನ್, ಇಂಡಿಕೇಟರ್, ಸೆಂಟ್ರಲ್ ಲಾಕ್ ವೈರುಗಳಿಗೂ ಅದರ ಕವಲು ಇರುತ್ತದೆ. ಒಂದೊಂದನ್ನೂ ಹಿಡಿದು ಕಂಪನಿ ವೈರಿನಿಂದ ಬೇರ್ಪಡಿಸಿ, ಪ್ಲಾಸ್ಟಿಕ್ ಸುಲಿದ ಜಾಗಗಳನ್ನೆಲ್ಲ ಬೆಸೆದು ಮುಚ್ಚಿದರು. ಪಂಪಿನ ವೈರಿನಲ್ಲಿ ಸುಟ್ಟ ಭಾಗ ಕತ್ತರಿಸಿ, ತಾಮ್ರ ಹೊಳೆಯುವವರೆಗೆ ಹಿಂದಕ್ಕೆ ಸುಲಿದು, ಮೂಲ ವೈರಿನಷ್ಟೇ ದಪ್ಪದ 1.5 ಚದರ ಮಿ.ಮೀ. ವೈರ್ ಸೇರಿಸಿ ಬೆಸುಗೆ ಹಾಕಿದರು. ಅದರ ಮೇಲೆ, ಬಿಸಿಗೆ ಕುಗ್ಗಿ ಬಿಗಿಯಾಗುವ, ಒಳಗೆ ಅಂಟು ಇರುವ ಹೀಟ್ ಶ್ರಿಂಕ್ ಕೊಳವೆ. ಈ ಕೊಳವೆಯನ್ನು ಬೆಸೆಯುವ ಮೊದಲೇ ವೈರಿಗೆ ತೂರಿಸಿಟ್ಟುಕೊಳ್ಳಬೇಕು. ಕೊನೆಗೆ ಜಾಯಿಂಟಿನ ಎರಡೂ ಕಡೆ ಟೈ ಹಾಕಿ ಕಟ್ಟಿದರು. ಬೆಸೆದ ವೈರ್ ಗಟ್ಟಿಯಾಗಿ ನಡುಗುವಿಕೆಗೆ ಅಂಚಿನಲ್ಲಿ ತುಂಡಾಗುವುದುಂಟು, ಅದಕ್ಕೆ ಅದು ಅಲುಗಬಾರದು.

ಮತ್ತೆ ಅಳತೆ. ಪಂಪು ಓಡುವಾಗ ಅದರ ಪಿನ್ನಿನಲ್ಲಿ 12 ವೋಲ್ಟ್, ಕರೆಂಟ್ 4.3 ಆಂಪಿಯರ್, ಗೇಜಿನಲ್ಲಿ 3 ಬಾರ್. ಪಂಪು ನಿಲ್ಲಿಸಿ ಹತ್ತು ನಿಮಿಷ ಬಿಟ್ಟರೂ 2.6ರಲ್ಲಿ ನಿಂತಿತ್ತು. ಇದು ಬೇಗ ಸೊನ್ನೆಗೆ ಇಳಿದರೆ ಪೆಟ್ರೋಲ್ ವಾಪಸ್ ಹೋಗದಂತೆ ತಡೆಯುವ ಪಂಪಿನ ಚೆಕ್ ವಾಲ್ವ್ ಅಥವಾ ಯಾವುದೋ ಇಂಜೆಕ್ಟರ್ ಸೋರುತ್ತಿದೆ ಎಂದರ್ಥ, ಬೆಳಗ್ಗೆ ಸ್ಟಾರ್ಟ್ ಆಗಲು ತಡವಾಗುತ್ತದೆ. ಕೀ ತಿರುಗಿಸಿದ ಕೂಡಲೇ ಎಂಜಿನ್ ಸ್ಟಾರ್ಟ್ ಆಯಿತು. ಕಿತ್ತಿಟ್ಟಿದ್ದ ಹಳೇ ಪಂಪಿಗೂ ಒಂದು ಸಲ ಅವಕಾಶ ಕೊಟ್ಟು ಟ್ಯಾಂಕಿನಲ್ಲಿ ಕೂರಿಸಿ ಓಡಿಸಿದೆವು: ಅದೂ 3 ಬಾರ್ ಕೊಟ್ಟಿತು. ಒಣ ಪಂಪನ್ನು ಹೊರಗೆ ಇಟ್ಟು ಓಡಿಸಬೇಡಿ, ಪೆಟ್ರೋಲೇ ಅದಕ್ಕೆ ತಂಪು ಕೊಡುವುದು.

ಸ್ಕ್ಯಾನಿಂಗ್ ಮತ್ತು ತಪಾಸಣೆಗೆ 500, ವೈರಿಂಗ್ ಕೆಲಸಕ್ಕೆ 1,200. ಅದಕ್ಕೆ ಮೊದಲು ಪ್ಲಗ್, ಪಂಪು, ಕೂಲಿ, ಟೋಯಿಂಗ್ ಸೇರಿ 8,800 ಹೋಗಿತ್ತು. ಹೋದ ದುಡ್ಡಿಗಿಂತ ಕಾರು ನಿಂತು ಕಾದ ದಿನಗಳೇ ಅಕ್ಕನ ಮನೆಯವರಿಗೆ ಹೆಚ್ಚು ತೊಂದರೆ ಕೊಟ್ಟದ್ದು.

ನಿಮ್ಮ ಕಾರಿನಲ್ಲಿ ಪಂಪಿನ ಶಬ್ದವೇ ಇಲ್ಲದಿದ್ದರೆ ಫ್ಯೂಸನ್ನು ಕಣ್ಣಲ್ಲಿ ನೋಡಿ ಬಿಡಬೇಡಿ, ಅದರ ತಲೆಯ ಮೇಲಿನ ಎರಡು ಚುಕ್ಕೆಗಳಲ್ಲೂ ಕರೆಂಟ್ ಇದೆಯೇ ನೋಡಿ. ಹಾರ್ನ್ ಅಥವಾ ಬೇರೆ ಯಾವುದೋ ಅದೇ ನಂಬರಿನ ರಿಲೇ ಇದ್ದರೆ ಅದಲು ಬದಲು ಮಾಡಿ ನೋಡಿ, ಖರ್ಚಿಲ್ಲದ ಪರೀಕ್ಷೆ. ಹಳೇ ಫೋರ್ಡ್, ಫಿಯೆಟ್ ಕಾರುಗಳಲ್ಲಿ ಡಿಕ್ಕಿಯಾದಾಗ ಪೆಟ್ರೋಲ್ ನಿಲ್ಲಿಸುವ ಇನರ್ಷಿಯಾ ಸ್ವಿಚ್ ಇರುತ್ತದೆ. ದೊಡ್ಡ ಗುಂಡಿಗೆ ಇಳಿದರೂ ಅದು ಹಾರಬಹುದು, ಅದರ ಮೇಲಿನ ಬಟನ್ ಒತ್ತಿದರೆ ಸರಿಯಾಗುತ್ತದೆ. ಇದಿಷ್ಟೂ ಸರಿಯಿದ್ದು, ಸ್ಪಾರ್ಕ್, ಪ್ರೆಷರ್ ಎರಡೂ ಇದ್ದು ಸ್ಟಾರ್ಟ್ ಆಗದಿದ್ದರೆ ಮಾತ್ರ ಕಂಪ್ರೆಷನ್ ಅಳೆಯಿಸಿ. 12 ಬಾರಿನ ಆಸುಪಾಸು ಬರಬೇಕು, ಸಿಲಿಂಡರಿನಿಂದ ಸಿಲಿಂಡರಿಗೆ ಒಂದು ಬಾರಿಗಿಂತ ಹೆಚ್ಚು ವ್ಯತ್ಯಾಸ ಇರಬಾರದು. ಸೆಕೆಂಡ್ ಹ್ಯಾಂಡ್ ಕಾರು ನೋಡಲು ಹೋದಾಗ ಮೊಬೈಲ್ ಟಾರ್ಚ್ ಹಿಡಿದು ಸ್ಟಿಯರಿಂಗ್ ಕೆಳಗೆ ಒಮ್ಮೆ ಬಗ್ಗಿ ನೋಡಿ. ಕಂಪನಿಯ ವೈರಿಂಗ್ ಒಂದೇ ತೆರನಾದ ಟೇಪು, ಕೊಳವೆಯಲ್ಲಿ ನೀಟಾಗಿರುತ್ತದೆ. ಹೊಳೆಯುವ ಬೇರೆ ಬಣ್ಣದ ವೈರು, ಟೇಪಿನ ಗಂಟು ಕಂಡರೆ ಏನದು ಎಂದು ಕೇಳಿ, ತೆಗೆಸಿಕೊಟ್ಟರೆ ಮಾತ್ರ ಮುಂದಿನ ಮಾತು.

ಜಾಯಿಂಟಿಗೆ ನೀರು ಎಲ್ಲಿಂದ ಬಂತು ಎಂಬುದು ಬಾಕಿಯಿತ್ತು, ಅದನ್ನು ಬಿಟ್ಟರೆ ಮುಂದಿನ ಮಳೆಗೆ ಇನ್ನೊಂದು ಕಪ್ಲರ್ ಹೋಗುತ್ತದೆ. ವೈಪರ್ ಕೆಳಗಿನ ಪ್ಲಾಸ್ಟಿಕ್ ಜಾಲರಿ ಬಿಚ್ಚಿದಾಗ ಕೊಳೆತ ಎಲೆ ಗಟ್ಟಿಯಾಗಿ ಕೂತಿತ್ತು, ನೀರು ಹೊರಹೋಗುವ ತೂತು ಪೂರ್ತಿ ಮುಚ್ಚಿತ್ತು. ತುಂಬಿದ ನೀರು, ಅಲಾರಂ ವೈರ್ ತೂರಿಸಲು ಫೈರ್‌ವಾಲಿನ (ಎಂಜಿನ್ನಿಗೂ ಕಾರಿನ ಒಳಭಾಗಕ್ಕೂ ನಡುವಿನ ತಗಡಿನ ಗೋಡೆಯ) ರಬ್ಬರಿನಲ್ಲಿ ಕೊರೆದಿದ್ದ ತೂತಿನಿಂದ ವೈರಿನ ಗುಂಟ ಒಳಗಿಳಿಯುತ್ತಿತ್ತು. ಎಲೆ ತೆಗೆದು, ರಬ್ಬರ್ ಗ್ರಾಮೆಟ್ ಹೊಸದು ಹಾಕಿ, ಗಾಜಿನ ಮೇಲೆ ಕಾಲು ಗಂಟೆ ಪೈಪಿನಲ್ಲಿ ನೀರು ಬಿಟ್ಟು ಮ್ಯಾಟಿನ ಕೆಳಗೆ ಕೈಯಿಟ್ಟು ನೋಡಿದೆವು. ಒಣಗಿತ್ತು. ಮಲೆನಾಡಿನಲ್ಲಿ ಮರದ ಕೆಳಗೆ ಕಾರು ನಿಲ್ಲಿಸುವವರು ಮೇ ಕೊನೆಯಲ್ಲೊಮ್ಮೆ, ಮಳೆ ನಡುವೆ ಒಮ್ಮೆ ಆ ಜಾಲರಿ ಎತ್ತಿ ಎಲೆ ತೆಗೆಯಿರಿ.